ಗ್ರೀಸಿನ ಸಂಪ್ರದಾಯ ಸಂಗೀತ: ಹೆಸರು ಮತ್ತು ಲಕ್ಷಣ

೧

ಶಾಸ್ತ್ರದ ಪ್ರವೃತ್ತಿಯು ಉದ್ದೇಶ, ಲಕ್ಷಣ, ಪರೀಕ್ಷೆ ಎಂದು ಮೂರು ಬಗೆಯಾಗಿರುವುದೆಂದು ನ್ಯಾಯಸೂತ್ರಗಳ ಭಾಷ್ಯಕಾರನಾದ ವಾತ್ಸ್ಯಾಯನನು ಹೇಳಿದ್ದಾನೆ. ವಸ್ತುವನ್ನು ಹೆಸರಿಟ್ಟು ಕರೆಯುವುದು ಉದ್ದೇಶ. ಅದನ್ನು ಇತರ ವಸ್ತುಗಳಿಂದ ಬೇರ್ಪಡಿಸುವ ಧರ್ಮವನ್ನು ಹೇಳುವುದು ಲಕ್ಷಣ. ಹೇಳಿದ ಲಕ್ಷಣವು ಆ ವಸ್ತುವಿಗೆ ಒಪ್ಪುವುದೋ ಇಲ್ಲವೋ ಎಂದು ಪ್ರಮಾಣಗಳಿಂದ ನಿಶ್ಚಯಿಸುವುದು ಪರೀಕ್ಷೆ. ನಿಘಂಟು, ವಿಶ್ವಕೋಶ ಮೊದಲಾದ ಆಕರಗ್ರಂಥಗಳನ್ನು ರಚಿಸುವವರ ಕಾರ್ಯವೆಲ್ಲವೂ ಈ ಮೂರರಲ್ಲಿಯೇ ಅಡಗಿದೆ. ಆದರೆ ಇವುಗಳಲ್ಲಿ ಮೊದಲನೆಯದನ್ನು ಅತ್ಯಲ್ಪವೆಂದು ಎಣಿಸುವ ರೂಢಿಯುಂಟು. ಹೆಸರು ಯಾವುದಾದರೇನು, ವಿವರಣೆಯು ಸರಿಯಾಗಿದ್ದರಾಯಿತು ಎಂಬ ಭಾವನೆ ವಿದ್ವಾಂಸರಲ್ಲಿಯೂ ಕಾಣುತ್ತದೆ. ವಸ್ತುತಃ ಆಕರಗ್ರಂಥದಲ್ಲಿ ಹೆಸರೇ ಸಂಕ್ಷಿಪ್ತವಾದ ಲಕ್ಷಣವಾಗಿರುವುದು. ಶೀರ್ಷಿಕೆಯಲ್ಲಿ ಇಟ್ಟ ಪದವು ಯಾರನ್ನು ಒಳಗೆ ಕರೆಯುವುದೋ ಅವರ ವಿಷಯ ಮಾತ್ರವೇ ಅದರ ಕೆಳಗೆ ಬರೆಯಲ್ಪಡುವುದು. ಹೊರಗೆ ನಿಂತವರು ಹೊರಗೆಯೇ ಉಳಿಯುವರು. ಈ ಮಾತಿಗೆ ಗ್ರೀಸ್ ದೇಶದ ಸಂಪ್ರದಾಯ ಸಂಗೀತಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ದೊರೆಯುವುದು ಕಷ್ಟ. ಅದನ್ನು ಕನ್ನಡದ ಆಕರಗ್ರಂಥದಲ್ಲಿ ಏನೆಂದು ಕರೆಯಬೇಕು, ಹೇಗೆ ವಿವರಿಸಬೇಕು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಗ್ರೀಕ್ ಎಂಬ ಮಾತನ್ನು ಕೇಳಿದೊಡನೆ ನಮ್ಮವರ ನೆನಪಿಗೆ ಬರುವುದು ಪ್ರಾಚೀನ ಗ್ರೀಸು. ಸೋಫೋಕ್ಲಿಸನ ನಾಟಕವೊಂದನ್ನು ಬಿ. ಎಂ. ಶ್ರೀಕಂಠಯ್ಯನವರು ‘ಅಶ್ವತ್ಥಾಮನ್’ (೧೯೨೯) ಎಂದು ನಮ್ಮದಾಗಿ ಮಾಡಿಕೊಟ್ಟರು. ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ಕನ್ನಡಿಸಿದರು. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳುಂಟೇ ಎಂಬ ಚರ್ಚೆಯೂ ನಮ್ಮ ವಿದ್ವಾಂಸರಿಗೆ ಚಿರಪರಿಚಿತವಾದದ್ದು. ಈ ಪರಿಚಯವು ಶ್ಲಾಘ್ಯವೇ ಸರಿ. ಆದರೆ ಇದರ ಫಲವಾಗಿ ‘ಗ್ರೀಕ್ ಸಂಗೀತ’ ಎಂಬ ಶೀರ್ಷಿಕೆಯನ್ನು ಕಂಡ ಓದುಗನು ಪೈಥಾಗೊರಸನ ಸ್ವರಗಣಿತವನ್ನೂ ನಾಟಕದ ಮೇಳಗೀತವನ್ನೂ ನಿರೀಕ್ಷಿಸುತ್ತಾನೆಯೇ ಹೊರತು, ಎಪಿರಸ್ ಪ್ರಾಂತದ ಬೆಟ್ಟದೂರಿನ ಮದುವೆಯಲ್ಲಿ ಇಂದಿಗೂ ಬಾರಿಸುವ ಕ್ಲಾರಿಯೊನೆಟ್ಟನ್ನು ನಿರೀಕ್ಷಿಸುವುದಿಲ್ಲ. ಆದುದರಿಂದ ಬರಿಯ ‘ಗ್ರೀಕ್ ಸಂಗೀತ’ವೆಂಬ ಹೆಸರು ಇಲ್ಲಿ ಸಲ್ಲದು, ಅದು ಎರಡೂವರೆ ಸಾವಿರ ವರ್ಷಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಅತಿವ್ಯಾಪ್ತಿಗೆ ಗುರಿಯಾಗುತ್ತದೆ.

ಸಂಸ್ಕೃತದ ಗೌರವವಿರುವ ‘ಯವನ’ ಶಬ್ದವನ್ನು ಬಳಸಬಾರದೇಕೆ ಎಂದು ಕೆಲವರು ಕೇಳಬಹುದು. ಅಯೋನಿಯದ ಜನರ ಹೆಸರಿನಿಂದ ಬಂದ ಈ ಶಬ್ದವು ಅಶೋಕನ ಶಾಸನಗಳಲ್ಲಿ ಗ್ರೀಕರಿಗೆ ಸಲ್ಲುವುದು ದಿಟ. ಆದರೆ ಮುಂದೆ ನಮ್ಮ ಭಾಷೆಗಳಲ್ಲಿ ಅದು ಪಶ್ಚಿಮದಿಂದ ಬಂದ ಇತರರಿಗೂ, ವಿಶೇಷವಾಗಿ ಮುಸಲ್ಮಾನರಿಗೂ ಅನ್ವಯಿಸಿತು. ಗ್ರೀಸಿನ ವಿಷಯದಲ್ಲಿ ಈ ಸಂದಿಗ್ಧತೆಯು ಅಪಾಯಕರವಾದದ್ದು. ಏಕೆಂದರೆ ಅಲ್ಲಿಯ ಸಂಗೀತದಲ್ಲಿ ಕ್ರೈಸ್ತರದು ಯಾವುದು, ತುರುಕರದು ಯಾವುದು ಎಂಬುದೇ ನೂರು ವರ್ಷಗಳಿಗೂ ಮಿಕ್ಕಿದ ವಾದದ ವಿಷಯವಾಗಿದೆ.

೨

ಇನ್ನು ಆ ದೇಶದವರೇ ಇಟ್ಟುಕೊಂಡ ಹೆಸರುಗಳನ್ನು ಪರೀಕ್ಷಿಸೋಣ. ಅವುಗಳಲ್ಲಿ ಮೊದಲನೆಯದು ‘ದಿಮೊತಿಕೊ’. ಜನಸಮುದಾಯವನ್ನು ಹೇಳುವ ‘ದೀಮೊಸ್’ ಶಬ್ದದಿಂದ ಬಂದ ವಿಶೇಷಣವಿದು. ಪಂಡಿತರ ‘ಕಥಾರೆವೂಸಾ’ ಎಂಬ ಶುದ್ಧೀಕೃತ ಭಾಷೆಗೆ ಎದುರಾಗಿ ನಿಂತು ೧೯೭೬ರಲ್ಲಿ ಅಧಿಕೃತ ಸ್ಥಾನವನ್ನು ಪಡೆದ ಆಡುಭಾಷೆಗೂ ಇದೇ ಹೆಸರು. ಹಳ್ಳಿಗಾಡಿನ ಹಾಡುಗಳಿಗೆ ಈ ಹೆಸರು ನೆಲೆಯಾದ ಬಗೆಯನ್ನು ಗಮನಿಸಬೇಕು. ಗ್ರೀಕರು ತುರ್ಕಿಯ ಪ್ರಭುತ್ವದ ವಿರುದ್ಧ ೧೮೨೧ರಲ್ಲಿ ದಂಗೆಯೆದ್ದರು. ಅವರ ವಿಷಯದಲ್ಲಿ ಯೂರೋಪಿನ ಕನಿಕರವು ಉಕ್ಕಿದ್ದ ಸಮಯದಲ್ಲಿ, ೧೮೨೪–೨೫ರಲ್ಲಿ, ಫ್ರಾನ್ಸಿನ ಕ್ಲೋದ್ ಫೋರಿಯೆಲನು ಆಧುನಿಕ ಗ್ರೀಸಿನ ಜನಗೀತೆಗಳ ಸಂಕಲನವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದನು. ಆತನು ಗ್ರೀಸಿಗೆ ಹೋದವನಲ್ಲ. ಹಸ್ತಪ್ರತಿಗಳಿಂದಲೂ, ವೆನಿಸ್ ಮತ್ತು ತ್ರಿಯೆಸ್ತೆ ಪಟ್ಟಣಗಳಲ್ಲಿ ನೆಲೆಸಿದ್ದ ಗ್ರೀಕರಿಂದಲೂ ಹಾಡುಗಳ ಮಾತುಗಳನ್ನು ಸಂಗ್ರಹಿಸಿದನು. ಪುಸ್ತಕದಲ್ಲಿ ಧಾಟಿಗಳಿರಲಿಲ್ಲ. ಹೀಗೆ ವಿದ್ವತ್ಪ್ರಪಂಚಕ್ಕೆ ಕಾಲಿಟ್ಟಾಗಲೇ ‘ದಿಮೊತಿಕೊ’ ಹಾಡು ಕಿವಿಯ ವಸ್ತುವಾಗಿರದೆ ಕಣ್ಣಿನ ವಸ್ತುವಾಗಿತ್ತು, ಸಂಗೀತವಾಗಿರದೆ ಕಾವ್ಯವಾಗಿತ್ತು.

ಆ ಬಳಿಕ ನಿಕೊಲಾವೊಸ್ ಪೊಲಿತಿಸನು ೧೮೮೪ರಲ್ಲಿ ಜನಜೀವನದ ಅಧ್ಯಯನಕ್ಕೆ ‘ಲಾವೊಗ್ರಾಫಿಯಾ’ ಎಂಬ ಹೆಸರನ್ನು ಬಳಕೆಗೆ ತಂದನು. ೧೯೦೮ರಲ್ಲಿ ಅದಕ್ಕೊಂದು ಸಂಘವನ್ನು ಸ್ಥಾಪಿಸಿದನು. ೧೯೧೪ರಲ್ಲಿ ಗ್ರೀಕ್ ಜನರ ಹಾಡುಗಳ ಆಯ್ಕೆಯೊಂದನ್ನು ಹೊರತಂದನು. ಇದು ಇಂದಿಗೂ ಶಾಲೆಕಾಲೇಜುಗಳಲ್ಲಿ ಮನ್ನಣೆಯಿರುವ ಗ್ರಂಥ. ಆದರೆ ಪೊಲಿತಿಸನು ಒಂದೇ ಹಾಡಿನ ನಾನಾ ಪಾಠಗಳಿಂದ ಉತ್ತಮವೆಂದು ತೋರಿದ ಸಾಲುಗಳನ್ನು ಆರಿಸಿ ಜೋಡಿಸಿ, ಯಾವ ಹಳ್ಳಿಯಲ್ಲಿಯೂ ಯಾರೂ ಹಾಗೆಯೇ ಹಾಡದ ಪಾಠವನ್ನು ಮುದ್ರಿಸಿದನೆಂಬುದನ್ನು ಮುಂದಿನ ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಪ್ರಾಚೀನ ಕಾವ್ಯಗಳ ಪಾಠಪರಿಷ್ಕರಣದಲ್ಲಿ ಗುಣವೆನಿಸುವ ಪದ್ಧತಿಯು ಇಲ್ಲಿ ದೋಷವಾಯಿತು. ಕವಿಯೊಬ್ಬನ ಮೂಲಪಾಠವು ಕಳೆದುಹೋಗಿದ್ದರೆ ಅದನ್ನು ಹುಡುಕುವುದು ಸರಿ. ಹಾಡುವವರ ಬಾಯಲ್ಲಿ ಪ್ರತಿಸಲವೂ ಹೊಸದಾಗಿ ಹುಟ್ಟುವ ಪದಕ್ಕೆ ಮೂಲವೆಲ್ಲಿಯದು?

‘ದಿಮೊತಿಕೊ’ ಪದಕ್ಕೆ ಜತೆಯಾಗಿ ‘ಲಾಯಿಕೊ’ ಎಂಬ ಇನ್ನೊಂದು ಪದವಿದೆ. ಇದೂ ಜನರೆಂಬ ಅರ್ಥದ ‘ಲಾವೊಸ್’ ಶಬ್ದದಿಂದಲೇ ಬಂದುದು. ಆದರೆ ಬಳಕೆಯಲ್ಲಿ ಇವೆರಡಕ್ಕೂ ಬಹಳ ದೂರ. ‘ದಿಮೊತಿಕೊ’ ಎಂದರೆ ಕರ್ತೃವಿನ ಹೆಸರು ತಿಳಿಯದ ಹಳ್ಳಿಯ ಹಾಡು. ‘ಲಾಯಿಕೊ’ ಎಂದರೆ ಕರ್ತೃವಿನ ಹೆಸರುಳ್ಳ, ಗ್ರಾಮಫೋನ್ ತಟ್ಟೆಗಳ ಮೂಲಕ ಹರಡಿದ ಪಟ್ಟಣದ ಹಾಡು. ಕನ್ನಡದ ಅನುವಾದಕನು ಎರಡನ್ನೂ ‘ಜಾನಪದ’ ಎಂದರೆ ವ್ಯುತ್ಪತ್ತಿಯ ದೃಷ್ಟಿಯಿಂದ ಆತನದು ತಪ್ಪಲ್ಲ. ವಸ್ತುಸ್ಥಿತಿಯ ದೃಷ್ಟಿಯಿಂದ ಆತನು ಎರಡು ಲೋಕಗಳನ್ನು ಒಂದುಮಾಡಿದಂತಾಯಿತು. ಇಂಥಲ್ಲಿ ಮೂಲದ ಹೆಸರನ್ನೇ ಕನ್ನಡ ಲಿಪಿಯಲ್ಲಿ ಉಳಿಸಿಕೊಂಡು ಅರ್ಥವನ್ನು ವಿವರಣೆಯಲ್ಲಿ ಹೇಳುವುದೇ ಕ್ಷೇಮ. ನಮ್ಮ ‘ಲಾವಣಿ’ಯನ್ನೂ ‘ಸೋಬಾನೆ’ಯನ್ನೂ ಪರಭಾಷೆಯವನೊಬ್ಬನು ಒಂದೇ ಪದದಿಂದ ಕರೆದರೆ ನಾವು ಒಪ್ಪುವೆವೇ?

ಮೂರನೆಯದು ‘ರಾಷ್ಟ್ರೀಯ ಸಂಗೀತ’ವೆಂಬ ಹೆಸರು. ೧೯೨೯ರಲ್ಲಿ ಸಿಮೊನ್ ಕಾರಾಸನು ಸ್ಥಾಪಿಸಿದ ಸಂಘವು ರಾಷ್ಟ್ರೀಯ ಸಂಗೀತದ ಪ್ರಸಾರಕ್ಕೆಂದೇ ಹೆಸರು ಹೊತ್ತಿತ್ತು. ಆತನ ಮತದಲ್ಲಿ ದೇವಾಲಯದ ಬೈಜಾಂಟೀಯ ಗಾನವೂ ಹಳ್ಳಿಯ ಹಾಡೂ ಒಂದೇ ಮರದ ಎರಡು ಕೊಂಬೆಗಳು. ಆದಕಾರಣ ಹಳ್ಳಿಯ ಧಾಟಿಗಳನ್ನೂ ದೇವಾಲಯದ ಸ್ವರಲಿಪಿಯಲ್ಲಿಯೇ ಬರೆಯಬೇಕೆಂದು ಆತನು ಸಾಧಿಸಿದನು. ಆತನ ಸಂಗ್ರಹಕಾರ್ಯವು ಮಹತ್ತಾದದ್ದು. ಆದರೆ ‘ರಾಷ್ಟ್ರೀಯ’ವೆಂಬ ಹೆಸರಿಗೆ ಅವ್ಯಾಪ್ತಿ, ಅತಿವ್ಯಾಪ್ತಿಗಳೆರಡೂ ಅಂಟುತ್ತವೆ. ಗ್ರೀಸಿನೊಳಗೇ ವ್ಲಾಖ್, ಅರ್ವಾನಿತ, ಸ್ಲಾವ್ ಮಾತುಗಳನ್ನಾಡುವವರ ಹಾಡುಗಳಿವೆ. ಅವು ರಾಷ್ಟ್ರಭಾಷೆಯಲ್ಲಿಲ್ಲವಾದ್ದರಿಂದ ಹೊರಗುಳಿಯುತ್ತವೆ. ಗ್ರೀಸಿನ ಹೊರಗೆ ಸೈಪ್ರಸ್ಸಿನಲ್ಲಿಯೂ ದಕ್ಷಿಣ ಇಟಲಿಯ ಕೆಲವು ಊರುಗಳಲ್ಲಿಯೂ ಗ್ರೀಕ್ ಮಾತಿನ ಹಾಡುಗಳಿವೆ. ರಾಷ್ಟ್ರದ ಗಡಿಯು ಅವನ್ನು ಹೊಂದಿಸಿಕೊಳ್ಳಲಾರದು. ಎಪಿರಸ್ಸಿನಲ್ಲಿ ಒಬ್ಬನು ಎತ್ತಿದ ಹಾಡಿಗೆ ಮತ್ತೊಬ್ಬನು ತಿರುವು ಕೊಡುತ್ತ, ಉಳಿದವರು ಒಂದೇ ಸ್ವರವನ್ನು ಹಿಡಿದು ನಿಲ್ಲುವ ಬಹುಕಂಠಗಾನವಿದೆ. ಗಡಿಯ ಆಚೆ ದಕ್ಷಿಣ ಆಲ್ಬೇನಿಯದಲ್ಲಿಯೂ ಅದರ ಬಂಧುವಾದ ಗಾನವಿದೆ. ಯುನೆಸ್ಕೊ ಸಂಸ್ಥೆಯು ೨೦೦೫ರಲ್ಲಿ ಆಲ್ಬೇನಿಯದ ಗಾನವನ್ನು ಆ ದೇಶದ ಹೆಸರಿನಲ್ಲಿ ಸಾರಿತು. ಎಪಿರಸ್ಸಿನ ಬಹುಕಂಠಗಾನವನ್ನು ಉಳಿಸುವ ಪ್ರಯತ್ನವೊಂದನ್ನು ೨೦೨೦ರಲ್ಲಿ ಗ್ರೀಸಿನ ಹೆಸರಿನಲ್ಲಿ ದಾಖಲೆಮಾಡಿತು. ಹಾಡು ಒಂದು ಕಣಿವೆಯದು. ಪಟ್ಟಿಯಲ್ಲಿ ಅದು ಎರಡು ದೇಶಗಳದ್ದಾಯಿತು.

೩

ಹೆಸರಿನ ಪರಿಣಾಮವು ಬರಿಯ ಪಂಡಿತರ ಜಗಳವಲ್ಲವೆಂಬುದಕ್ಕೆ ‘ರೆಬೇತಿಕೊ’ ಹಾಡಿನ ಇತಿಹಾಸವು ಸಾಕ್ಷಿ. ೧೯೨೨ರಲ್ಲಿ ಏಷ್ಯಾಮೈನರಿನ ಸ್ಮಿರ್ನಾ ಪಟ್ಟಣವು ಉರಿದುಹೋಯಿತು. ೧೯೨೩ರ ಒಪ್ಪಂದದ ಪ್ರಕಾರ ಗ್ರೀಸ್ ಮತ್ತು ತುರ್ಕಿ ದೇಶಗಳು ತಮ್ಮ ಪ್ರಜೆಗಳನ್ನು ಮತದ ಆಧಾರದ ಮೇಲೆ ಅದಲುಬದಲುಮಾಡಿಕೊಂಡವು. ಹತ್ತು ಲಕ್ಷಕ್ಕೂ ಮೀರಿದ ಕ್ರೈಸ್ತ ನಿರಾಶ್ರಿತರು ಗ್ರೀಸಿಗೆ ಬಂದರು. ಅವರಲ್ಲಿ ತುರ್ಕಿ ಭಾಷೆಯೊಂದನ್ನೇ ಬಲ್ಲವರೂ ಇದ್ದರು. ಸ್ಮಿರ್ನಾ, ಕಾನ್‌ಸ್ಟಾಂಟಿನೋಪಲ್ ನಗರಗಳ ಕಾಫಿ ಅಂಗಡಿಗಳಲ್ಲಿ ಪಿಟೀಲು, ಸಂತೂರಿಗಳೊಡನೆ ಬೆಳೆದ ಗಾನವು ಅವರೊಡನೆ ಬಂದಿತು. ಅದು ಪಿರೇಯಸ್ ಬಂದರಿನ ಬಡವರ ಬುಜುಕಿ ವಾದ್ಯದೊಡನೆ ಬೆರೆತುದರಿಂದ ‘ರೆಬೇತಿಕೊ’ ಬೆಳೆಯಿತು. ಮೆತಾಕ್ಸಾಸನ ಸರ್ವಾಧಿಕಾರವು ೧೯೩೬ರಲ್ಲಿ ಬಂದ ಮೇಲೆ ತಟ್ಟೆಗಳಿಗೆ ಮುಂಗಡ ಪರಿಶೀಲನೆಯು ಜಾರಿಗೆ ಬಂದು, ಪೌರ್ವಾತ್ಯವೆನಿಸಿದ ಧಾಟಿಗಳು ಗ್ರೀಸಿಗೆ ತಕ್ಕವಲ್ಲವೆಂದು ಹೊರದೂಡಲ್ಪಟ್ಟವು. ೧೯೪೯ರಲ್ಲಿ ಸಂಗೀತರಚಕನಾದ ಮಾನೊಸ್ ಹಾಜಿದಾಕಿಸನು ಅಥೆನ್ಸಿನಲ್ಲಿ ಉಪನ್ಯಾಸವೊಂದನ್ನು ಮಾಡಿ ಈ ಹಾಡುಗಳು ಗೌರವಕ್ಕೆ ಅರ್ಹವೆಂದು ವಾದಿಸಿದಾಗ ವಿದ್ಯಾವಂತರು ಬೆಚ್ಚಿದರು. ೨೦೧೭ರಲ್ಲಿ ಅದೇ ‘ರೆಬೇತಿಕೊ’ ಯುನೆಸ್ಕೊ ಪಟ್ಟಿಯಲ್ಲಿ ಗ್ರೀಸಿನ ಪರಂಪರೆಯಾಗಿ ಸೇರಿತು. ಸ್ವರಗಳು ಬದಲಾಗಲಿಲ್ಲ, ಅವುಗಳಿಗೆ ಹೊಂದುವ ಹೆಸರು ಬದಲಾಯಿತು.

ರೋಜಾ ಎಸ್ಕೆನಾಜಿ ಎಂಬ ಗಾಯಕಿಯ ವಿಷಯವನ್ನೇ ತೆಗೆದುಕೊಳ್ಳೋಣ. ಕಾನ್‌ಸ್ಟಾಂಟಿನೋಪಲ್ಲಿನ ಯೆಹೂದಿ ಕುಟುಂಬದಲ್ಲಿ ಹುಟ್ಟಿದ ಈಕೆಯು ೧೯೩೦ರ ದಶಕದ ಅಥೆನ್ಸಿನಲ್ಲಿ ಅತ್ಯಂತ ಪ್ರಸಿದ್ಧಳಾಗಿದ್ದಳು. ಆಕೆಯ ತಟ್ಟೆಗಳಲ್ಲಿ ಸ್ಮಿರ್ನಾದ ಹಾಡುಗಳಿವೆ, ರೆಬೇತಿಕೊ ಇದೆ, ಹಳ್ಳಿಯ ದಿಮೊತಿಕೊ ಹಾಡುಗಳೂ ಇವೆ. ‘ದಿಮೊತಿಕೊ’ ಶೀರ್ಷಿಕೆಯ ಲೇಖಕನು ಆಕೆಯನ್ನು ಪಟ್ಟಣದವಳೆಂದು ಬಿಡುವನು; ‘ರಾಷ್ಟ್ರೀಯ’ ಶೀರ್ಷಿಕೆಯವನು ಯೆಹೂದಿಯೆಂದು ಬಿಡುವನು; ‘ರೆಬೇತಿಕೊ’ ಶೀರ್ಷಿಕೆಯವನು ಆಕೆಯ ಅರ್ಧವನ್ನು ಮಾತ್ರ ತೆಗೆದುಕೊಳ್ಳುವನು. ಸಾವಿರಾರು ಮನೆಗಳಲ್ಲಿ ಕೇಳಿದ ಒಂದು ಕಂಠಕ್ಕೆ ಆಕರಗ್ರಂಥದಲ್ಲಿ ಇಡಿಯಾಗಿ ನಿಲ್ಲುವ ಎಡೆಯೇ ಇಲ್ಲದಂತಾಗುವುದು. ಹೆಸರಿನ ದೋಷವೆಂದರೆ ಇದು.

೪

ಎರಡನೆಯ ದೊಡ್ಡ ತೊಡಕು ಪ್ರಾಚೀನತೆಯ ವಾದ. ಆಕರಗ್ರಂಥಗಳಲ್ಲಿ ಈ ಸಂಗೀತದ ಲಕ್ಷಣವನ್ನು ಹೇಳುವಾಗ ಪ್ರಾಚೀನ ಗ್ರೀಸಿನಿಂದ ಬೈಜಾಂಟೀಯಮ್ಮಿನ ಮೂಲಕ ಅವಿಚ್ಛಿನ್ನವಾಗಿ ಹರಿದುಬಂದುದೆಂಬ ವಾಕ್ಯದಿಂದಲೇ ಪ್ರಾರಂಭಿಸುವ ವಾಡಿಕೆಯಿದೆ. ಈ ವಾಕ್ಯಕ್ಕೂ ಒಂದು ಜನ್ಮವೃತ್ತಾಂತವುಂಟು. ೧೮೩೦ರಲ್ಲಿ ಫಾಲ್ಮೆರಾಯರ್ ಎಂಬ ಜರ್ಮನ್ ಇತಿಹಾಸಕಾರನು, ಇಂದಿನ ಗ್ರೀಕರಲ್ಲಿ ಪ್ರಾಚೀನ ಗ್ರೀಕರ ರಕ್ತವು ಉಳಿದಿಲ್ಲವೆಂದು ವಾದಿಸಿದನು. ಹೊಸದಾಗಿ ಸ್ವಾತಂತ್ರ್ಯ ಪಡೆದ ಜನಕ್ಕೆ ಈ ಮಾತು ಅಸಹ್ಯವಾದದ್ದು ಸಹಜ. ಅದಕ್ಕೆ ಉತ್ತರವಾಗಿ ಅವರ ವಿದ್ವಾಂಸರು ಹಾಡು, ಕಥೆ, ಆಚಾರಗಳಲ್ಲಿ ಪ್ರಾಚೀನತೆಯ ಕುರುಹುಗಳನ್ನು ಹುಡುಕಿದರು. ಅವರ ಶ್ರಮದಿಂದ ಎಷ್ಟೋ ಸಾಮಗ್ರಿಯು ಉಳಿಯಿತೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಪ್ರತಿವಾದಿಗೆ ಕೊಟ್ಟ ಉತ್ತರವನ್ನೇ ವಸ್ತುವಿನ ಲಕ್ಷಣವೆಂದು ಭಾವಿಸಬಾರದು.

ಇದಕ್ಕೆ ಒಂದು ಉದಾಹರಣೆಯನ್ನು ಕೊಡುತ್ತೇನೆ. ಗ್ರೀಸಿನ ವರ್ತುಲನೃತ್ಯಗಳಲ್ಲಿ ‘ಸಿರ್ತೊಸ್’ ಎಂಬುದು ಅತ್ಯಂತ ವ್ಯಾಪಕವಾದದ್ದು. ಬೀಯೋಷಿಯ ಪ್ರಾಂತದ ಅಕ್ರೈಫಿಯಾದಲ್ಲಿ ದೊರೆತ ಕ್ರಿ. ಶ. ಒಂದನೆಯ ಶತಮಾನದ ಶಿಲಾಶಾಸನವೊಂದರಲ್ಲಿ ಸಿರ್ತೊಸ್ ಎಂಬ ನೃತ್ಯದ ಹೆಸರು ಬಂದಿದೆ. ಅಷ್ಟೇ ಅಲ್ಲ, ಅದನ್ನು ಪಿತೃಪರಂಪರೆಯಿಂದ ಬಂದುದೆಂದೂ ಕರೆದಿದೆ. ಹೆಸರು ಸುಮಾರು ಎರಡು ಸಾವಿರ ವರ್ಷ ಉಳಿದಿರುವುದು ನಿಸ್ಸಂಶಯ. ಆದರೆ ಆ ನೃತ್ಯದ ಹೆಜ್ಜೆಗಳೇನು, ತಾಳವೇನು, ಧಾಟಿಯೇನು ಎಂಬುದನ್ನು ಶಾಸನವು ಹೇಳುವುದಿಲ್ಲ. ಹೆಸರಿನ ಸಾತತ್ಯದಿಂದ ವಸ್ತುವಿನ ಸಾತತ್ಯವನ್ನು ಊಹಿಸುವುದು ಅನುಮಾನಾಭಾಸ. ಇದೇ ರೀತಿ ‘ಕಾಲಮಾತಿಯಾನೊಸ್’ ನೃತ್ಯದ ತಾಳವು ಏಳು ಎಣಿಕೆಗಳದು. ಮೂರು, ಎರಡು, ಎರಡು ಎಂದು ಒಡೆಯುವುದು. ನಮ್ಮ ಸಂಗೀತವನ್ನು ಬಲ್ಲವರಿಗೆ ಮಿಶ್ರಚಾಪುವಿನ ಎಣಿಕೆಯು ನೆನಪಾಗುವುದು. ೧೯೪೯ರಲ್ಲಿ ಥ್ರಾಸಿಬೂಲೊಸ್ ಗೆಯೊರ್ಗಿಯಾಡೆಸ್ ಎಂಬ ವಿದ್ವಾಂಸನು ಗ್ರೀಕ್ ಲಯವನ್ನು ಕುರಿತ ತನ್ನ ಗ್ರಂಥದಲ್ಲಿ ಹೋಮರನ ಛಂದಸ್ಸಿನ ಗಣಕ್ಕೂ ಈ ಏಳು ಎಣಿಕೆಗೂ ಸಂಬಂಧವನ್ನು ಕಲ್ಪಿಸಿದನು. ಅದು ಮನೋಹರವಾದ ಊಹೆ. ಊಹೆಯೆಂದೇ ಅದನ್ನು ಹೇಳಬೇಕು. ಏಳರ ಎಣಿಕೆಯೊಂದರಿಂದಲೇ ವಂಶವನ್ನು ಸಾಧಿಸುವುದಾದರೆ ಮಿಶ್ರಚಾಪುವೂ ಹೋಮರನ ಸಂತಾನವೆಂದು ಒಪ್ಪಬೇಕಾದೀತು!

ಇದಕ್ಕೆ ಎದುರಾದ ನಿದರ್ಶನವೂ ಇದೆ. ಇಂದು ಎಪಿರಸ್ಸಿನ ಮತ್ತು ಮುಖ್ಯಭೂಮಿಯ ಬಹುಭಾಗದ ಹಳ್ಳಿಯ ಸಂಗೀತವೆಂದರೆ ಕ್ಲಾರಿಯೊನೆಟ್ಟಿನ ದನಿಯೆಂದೇ ಜನರ ಭಾವನೆ. ಈ ವಾದ್ಯವು ಯೂರೋಪಿನ ಪಡಸಾಲೆಯಲ್ಲಿ ಹುಟ್ಟಿ, ಹತ್ತೊಂಬತ್ತನೆಯ ಶತಮಾನದಲ್ಲಿ ಗ್ರೀಸಿಗೆ ಬಂದದ್ದು. ಅದನ್ನು ಕೈವಶಮಾಡಿಕೊಂಡು ಅಲ್ಲಿಯ ಶೋಕಗೀತಗಳ ಎಳೆತ, ಜಾರುಗಳನ್ನು ಅದರಲ್ಲಿ ನುಡಿಸಿ ಅದಕ್ಕೆ ಹಳ್ಳಿಯ ಜೀವವನ್ನು ತುಂಬಿದವರಲ್ಲಿ ಬಹುಮಂದಿ ರೋಮಾ ಕುಲದ ವೃತ್ತಿಗಾರರು. ಮದುವೆಯಿಲ್ಲ, ಜಾತ್ರೆಯಿಲ್ಲ, ಅವರಿಲ್ಲದೆ. ಆದರೂ ಪ್ರಾಚೀನತೆಯಿಂದ ಪ್ರಾರಂಭವಾಗುವ ಲಕ್ಷಣವಾಕ್ಯದಲ್ಲಿ ಇವರಿಗೆ ಸ್ಥಳವಿಲ್ಲ. ಏಕೆಂದರೆ ಇವರು ಪೆರಿಕ್ಲಿಸನ ವಂಶದವರಲ್ಲ. ರೋಮಾನಿಯು ನಮ್ಮ ಆರ್ಯಭಾಷೆಗಳ ಬಳಗಕ್ಕೆ ಸೇರಿದ ಮಾತೆಂಬುದು ಸರ್ವವಿದಿತ. ಹಾಗೆಂದು ಎಪಿರಸ್ಸಿನ ಸಂಗೀತವನ್ನು ಭಾರತೀಯವೆಂದು ಹೇಳಹೊರಡುವ ನಮ್ಮವರೂ ಅದೇ ತಪ್ಪನ್ನು ಇನ್ನೊಂದು ದಿಕ್ಕಿನಿಂದ ಮಾಡಿದಂತಾಗುವುದು. ವಂಶವು ಬೇರೆ, ವಿದ್ಯೆಯು ಬೇರೆ.

೫

ಇನ್ನು ಲಕ್ಷಣನಿರೂಪಣೆಯ ಮಾತು. ಸಾಹಿತ್ಯದ ಉಪಾಧ್ಯಾಯರು ಬರೆದ ವಿವರಣೆಗಳಲ್ಲಿ ಗ್ರೀಕ್ ಹಾಡಿನ ಪ್ರಧಾನ ಲಕ್ಷಣವೆಂದು ಹದಿನೈದಕ್ಷರದ ಸಾಲನ್ನು ಹೇಳುತ್ತಾರೆ. ಎಂಟಕ್ಷರಕ್ಕೆ ಯತಿ, ಅನಂತರ ಏಳು. ಇದು ಸರಿಯಾದ ಮಾತೇ. ಆದರೆ ಕಾಗದದ ಮೇಲಿನ ಈ ಸಾಲು ಹಾಡುವಾಗ ಹಾಗೆಯೇ ಇರುವುದಿಲ್ಲ. ಅರ್ಧಸಾಲು ಎರಡು ಸಲ ಬರುವುದು. ಪದದ ನಡುವೆಯೇ ಹಾಡು ನಿಂತು, ‘ತ್ಸಾಕಿಸ್ಮಾ’ ಎಂಬ ಸೇರಿಕೆಯ ಮಾತುಗಳು ನುಗ್ಗಿ, ಮತ್ತೆ ಪದವು ಮೊದಲಿನಿಂದ ಪ್ರಾರಂಭವಾಗುವುದು. ಅರ್ಥವು ಮುಗಿಯುವೆಡೆ ಒಂದು, ಧಾಟಿಯು ಮುಗಿಯುವೆಡೆ ಮತ್ತೊಂದು. ನಮ್ಮ ತ್ರಿಪದಿಯನ್ನು ಬಲ್ಲವರಿಗೆ ಇದು ಹೊಸದಲ್ಲ. ಬರೆದಾಗ ಮೂರು ಸಾಲಾಗಿರುವ ತ್ರಿಪದಿಯು ಬೀಸುವ ಕಲ್ಲಿನ ಮುಂದೆ ಎರಡನೆಯ ಸಾಲಿನ ಆವೃತ್ತಿಯಿಂದ ಬೇರೊಂದು ಆಕಾರವನ್ನು ತಾಳುವುದು. ಛಂದಸ್ಸನ್ನು ಮಾತ್ರ ಹೇಳಿ ಹಾಡನ್ನು ವಿವರಿಸಿದೆನೆಂದುಕೊಳ್ಳುವವನು ಮನೆಯ ನಕ್ಷೆಯನ್ನು ತೋರಿಸಿ ಸಂಸಾರವನ್ನು ಪರಿಚಯಮಾಡಿಸಿದೆನೆಂದುಕೊಳ್ಳುವವನಂತೆ.

ಧಾಟಿಯನ್ನು ಬರೆದುಕೊಂಡವರೂ ತೊಡಕಿಗೆ ಸಿಕ್ಕಿದರು. ಫ್ರಾನ್ಸಿನ ಬೂರ್ಗೋ-ದ್ಯುಕುದ್ರೆ ಎಂಬ ಸಂಗೀತಜ್ಞನು ಸ್ಮಿರ್ನಾ, ಅಥೆನ್ಸುಗಳಲ್ಲಿ ಕೇಳಿದ ಮೂವತ್ತು ಧಾಟಿಗಳನ್ನು ೧೮೭೬ರಲ್ಲಿ ಪ್ರಕಟಿಸಿದಾಗ ಅವುಗಳಲ್ಲಿ ಪ್ರಾಚೀನ ಗ್ರೀಕ್ ಮೂರ್ಛನೆಗಳನ್ನು ಕಂಡನು. ಮೇಲಾಗಿ ಪಿಯಾನೋವಿನ ಸಹವಾದನವನ್ನೂ ಬರೆದು ಸೇರಿಸಿದನು. ಆದರೆ ಅಲ್ಲಿಯ ಸ್ವರಾಂತರಗಳು ಪಿಯಾನೋವಿನ ಮನೆಗಳಲ್ಲಿ ಕೂರುವಂಥವಲ್ಲ. ೧೮೧೪ರಲ್ಲಿ ದೇವಾಲಯದ ಸ್ವರಲಿಪಿಯನ್ನು ಸುಧಾರಿಸಿದ ಮೂವರು ಆಚಾರ್ಯರಲ್ಲಿ ಒಬ್ಬನಾದ ಖ್ರಿಸಾಂಥೊಸನು ಸ್ಥಾಯಿಯನ್ನು ೬೮ ಭಾಗಗಳಾಗಿ ವಿಂಗಡಿಸಿದ್ದನು; ಅದೇ ಶತಮಾನದಲ್ಲಿ ಪೀಠಾಧಿಪತಿಯು ನೇಮಿಸಿದ ಸಮಿತಿಯು ೭೨ ಭಾಗಗಳ ಲೆಕ್ಕವನ್ನು ಕೊಟ್ಟಿತು. ಹಾರ್ಮೋನಿಯಮ್ಮಿನ ಮೇಲೆ ನಮ್ಮ ಗಮಕವನ್ನು ನುಡಿಸಲು ಹೊರಟವರ ಅನುಭವವು ಇಲ್ಲಿ ನೆನಪಿಗೆ ಬರುವುದು ಸಹಜ. ಅದೇ ದೇವಾಲಯದ ಲಿಪಿಯಲ್ಲಿ ೧೮೩೦ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಅಚ್ಚಾದ ‘ಎವ್ತೆರ್ಪಿ’ ಎಂಬ ಸಂಕಲನದಲ್ಲಿ ತುರ್ಕಿ ಹಾಡುಗಳೂ ಇವೆ. ಗುಡಿಯ ಲಿಪಿಯಲ್ಲಿ ಬರೆದುದೆಲ್ಲ ಗುಡಿಯದೇ ಎಂಬ ಊಹೆಯನ್ನೂ ಇದು ಕೆಡಿಸುತ್ತದೆ.

ನಿಜವಾದ ಬದಲಾವಣೆಯು ಧ್ವನಿಮುದ್ರಣದಿಂದ ಬಂದಿತು. ಊಬೆರ್ ಪೆರ್ನೊ ೧೮೯೮–೯೯ರಲ್ಲಿ ಖಿಯೊಸ್ ದ್ವೀಪದಲ್ಲಿ ಫೋನೋಗ್ರಾಫಿನಿಂದ ಹಾಡುಗಳನ್ನು ಹಿಡಿದನು. ೧೯೩೦–೩೧ರಲ್ಲಿ ಮೆಲ್ಪೊ ಮೆರ್ಲಿಯೆ ಎಂಬ ವಿದುಷಿಯು ಅಥೆನ್ಸಿನಲ್ಲಿ ನಾನಾ ಪ್ರಾಂತಗಳವರ, ನಿರಾಶ್ರಿತರ ಹಾಡುಗಳನ್ನು ತಟ್ಟೆಗಳಲ್ಲಿ ದಾಖಲೆಮಾಡಿಸಿದಳು. ಸ್ವಿಟ್ಜರ್‌ಲೆಂಡಿನ ಸಾಮ್ಯುಯೆಲ್ ಬೋ-ಬೋವಿ ದೊದೆಕಾನೀಸ್ ದ್ವೀಪಗಳ ಹಾಡುಗಳನ್ನು ಧಾಟಿ ಸಹಿತವಾಗಿ ೧೯೩೫ ಮತ್ತು ೧೯೩೮ರಲ್ಲಿ ಪ್ರಕಟಿಸಿದನು. ಇವರ ಕೆಲಸದಲ್ಲಿ ಹಾಡು ಯಾವುದು ಎಂಬುದರ ಜತೆಗೆ ಎಲ್ಲಿ ಹಾಡಿದ್ದು, ಯಾರು ಹಾಡಿದ್ದು ಎಂಬ ಪ್ರಶ್ನೆಗಳೂ ನಿಂತವು. ಲಕ್ಷಣವಾಕ್ಯವು ಇಲ್ಲಿಂದ ಹುಟ್ಟಬೇಕು, ವಂಶಾವಳಿಯಿಂದಲ್ಲ.

೬

ಹಾಗಾದರೆ ಹೆಸರು ಯಾವುದು? ಗ್ರೀಸಿನಲ್ಲಿಯೇ ೧೯೭೪ರಲ್ಲಿ ಸೈನ್ಯಾಧಿಪತ್ಯವು ಬಿದ್ದ ಬಳಿಕ, ವಿಶೇಷವಾಗಿ ೧೯೮೦ರ ದಶಕದಿಂದೀಚೆಗೆ, ‘ಪರಾದೊಸಿಯಾಕಿ’ ಎಂಬ ವಿಶೇಷಣವು ಹೆಚ್ಚು ಬಳಕೆಗೆ ಬಂದಿತು. ಪಾಶ್ಚಾತ್ಯ ವಿದ್ವಾಂಸರಲ್ಲಿಯೂ ಇದೇ ಒಲವು. ೧೯೪೭ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಜಾನಪದ ಸಂಗೀತ ಮಂಡಲಿಯೆಂದು ಸ್ಥಾಪಿತವಾದ ಸಂಸ್ಥೆಯು ೧೯೮೧ರಲ್ಲಿ ‘ಜಾನಪದ’ವನ್ನು ಬಿಟ್ಟು ‘ಸಾಂಪ್ರದಾಯಿಕ’ ಎಂಬ ಪದವನ್ನು ತೆಗೆದುಕೊಂಡಿತು. ೨೦೨೩ರಲ್ಲಿ ಸಂಗೀತ ಮತ್ತು ನೃತ್ಯಗಳ ‘ಸಂಪ್ರದಾಯಗಳು’ ಎಂದು ಬಹುವಚನಕ್ಕೆ ಬಂದಿತು.

‘ಪರಾದೊಸಿಸ್’ ಎಂಬ ಗ್ರೀಕ್ ನಾಮಪದದ ರಚನೆಯನ್ನು ನೋಡಿದರೆ ನಮ್ಮ ಕೆಲಸವು ಅನಿರೀಕ್ಷಿತವಾಗಿ ಸುಲಭವಾಗುತ್ತದೆ. ‘ಪರಾ’ ಎಂಬ ಉಪಸರ್ಗದ ಮುಂದೆ ‘ಕೊಡು’ ಎಂಬರ್ಥದ ‘ದೊ’ ಧಾತುವು ಸೇರಿ ಆದ ಪದವದು. ಒಪ್ಪಿಸಿಕೊಡುವುದು ಎಂದು ಅದರ ಅರ್ಥ. ನಮ್ಮ ‘ಸಂಪ್ರದಾಯ’ದಲ್ಲಿ ಸಂ, ಪ್ರ ಎಂಬ ಉಪಸರ್ಗಗಳ ಮುಂದೆ ಇರುವುದೂ ‘ದಾ’ ಧಾತುವೇ. ಇವೆರಡು ಧಾತುಗಳೂ ಒಂದೇ ಮೂಲದವೆಂಬುದನ್ನು ಭಾಷಾಶಾಸ್ತ್ರಜ್ಞರು ಬಲ್ಲರು. ‘ಪರಂಪರೆ’ಯು ಒಂದಾದಮೇಲೊಂದು ಬರುವ ಸಾಲನ್ನು ಮಾತ್ರ ಹೇಳುತ್ತದೆ, ಅದರಲ್ಲಿ ಕೊಡುವವನಿಲ್ಲ. ‘ಜಾನಪದ’ವು ನೆಲೆಯನ್ನು ಹೇಳುತ್ತದೆ, ಪಟ್ಟಣದವನಿಗೂ ನಿರಾಶ್ರಿತನಿಗೂ ಅದರಲ್ಲಿ ಎಡೆಯಿಲ್ಲ. ‘ಸಂಪ್ರದಾಯ’ದಲ್ಲಾದರೋ ಕೊಟ್ಟವನು, ಪಡೆದವನು, ಕೊಟ್ಟ ವಸ್ತು ಮೂರೂ ಇವೆ. ಆ ಪದಕ್ಕೆ ಈಚೆಗೆ ಹಳೆಯ ಕಟ್ಟುಪಾಡೆಂಬ ಭ್ರಾಂತಿಯು ಅಂಟಿಕೊಂಡಿರುವುದುಂಟು. ಆದರೆ ನಮ್ಮ ಹೆಣ್ಣುಮಕ್ಕಳು ಹಸೆಯ ಮುಂದೆ, ಆರತಿಯ ಮುಂದೆ ಹೇಳುವ ಹಾಡುಗಳನ್ನು ‘ಸಂಪ್ರದಾಯದ ಹಾಡು’ಗಳೆಂದೇ ಕರೆಯುತ್ತ ಬಂದಿದ್ದೇವೆ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಒಪ್ಪಿಸಿದುದೆಂಬ ಮೂಲಾರ್ಥವು ಅಲ್ಲಿ ಕೆಟ್ಟಿಲ್ಲ.

ಆದಕಾರಣ ‘ಗ್ರೀಸಿನ ಸಂಪ್ರದಾಯ ಸಂಗೀತಗಳು’ ಎಂಬ ಶೀರ್ಷಿಕೆಯು ಯುಕ್ತವೆಂದು ನನ್ನ ಅಭಿಪ್ರಾಯ. ‘ಗ್ರೀಕ್’ ಎನ್ನದೆ ‘ಗ್ರೀಸಿನ’ ಎಂದುದರಿಂದ ಕುಲವನ್ನು ಕೇಳದೆ ನೆಲವನ್ನು ಹೇಳಿದಂತಾಯಿತು. ಸೈಪ್ರಸ್ಸೂ ದಕ್ಷಿಣ ಇಟಲಿಯೂ ಏಷ್ಯಾಮೈನರೂ ಈ ಹೆಸರಿನಿಂದ ಹೊರಗುಳಿಯುವ ದೋಷವನ್ನು ಒಪ್ಪಿಕೊಂಡು, ಲೇಖನದ ಕೊನೆಯಲ್ಲಿ ಆ ಶೀರ್ಷಿಕೆಗಳಿಗೆ ಕೈತೋರಬೇಕು. ಬಹುವಚನದಿಂದ ದ್ವೀಪಗಳ ‘ನಿಸಿಯೊತಿಕಾ’ವೂ ಬಂದರಿನ ‘ರೆಬೇತಿಕೊ’ವೂ ಒಂದರಲ್ಲೊಂದು ಕರಗದೆ ಉಳಿಯುವುವು. ಇನ್ನು ಈ ಪದವನ್ನು ತೆಗೆದುಕೊಂಡ ಮೇಲೆ ಲೇಖಕನಿಗೆ ಒಂದು ಋಣವು ಅಂಟುತ್ತದೆ: ಕೊಟ್ಟವರಾರು, ಪಡೆದವರಾರು ಎಂಬುದನ್ನು ಆತನು ಹೇಳಲೇಬೇಕು. ಮಾದರಿಗಾಗಿ ಒಂದು ಲಕ್ಷಣಲೇಖವನ್ನು ಮುಂದಿಡುತ್ತೇನೆ:

ಗ್ರೀಸಿನ ಸಂಪ್ರದಾಯ ಸಂಗೀತಗಳು. ಗ್ರೀಸ್ ದೇಶದ ಹಳ್ಳಿ, ದ್ವೀಪ, ಬಂದರುಗಳಲ್ಲಿ ಮುಖ್ಯವಾಗಿ ಕೇಳಿಕೆಯಿಂದ ಕಲಿತು ಹಾಡುವ, ಬಾರಿಸುವ, ಕುಣಿಯುವ ವಿದ್ಯೆಗಳು. ಮುಖ್ಯಭೂಮಿಯಲ್ಲಿ ಕ್ಲಾರಿಯೊನೆಟ್, ಪಿಟೀಲು, ‘ಲಾವೂತೊ’ ಎಂಬ ತಂತಿವಾದ್ಯಗಳ ಮೇಳ. ಎಪಿರಸ್ಸಿನಲ್ಲಿ ಐದು ಸ್ವರಗಳ ಧಾಟಿ, ಬಹುಕಂಠಗಾನ. ವಾದಕರಲ್ಲಿ ಬಹುಮಂದಿ ರೋಮಾ ಕುಲದವರು. ಕ್ರೀಟಿನಲ್ಲಿ ಕಮಾನಿನಿಂದ ನುಡಿಸುವ ‘ಲಿರಾ’, ಹದಿನೈದಕ್ಷರದ ಪ್ರಾಸದ್ವಿಪದಿಯಾದ ‘ಮಾಂತಿನಾದಾ’, ಪಶ್ಚಿಮ ಭಾಗದಲ್ಲಿ ಗಂಡಸರು ವಾದ್ಯವಿಲ್ಲದೆ ಹಾಡುವ ‘ರಿಜೀತಿಕಾ’. ದ್ವೀಪಗಳಲ್ಲಿ ಪಿಟೀಲು, ಚರ್ಮದ ಚೀಲದಿಂದ ಊದುವ ‘ತ್ಸಾಂಬೂನಾ’. ಮಾನಿ ಪ್ರಾಂತದಲ್ಲಿ ಹೆಂಗಸರು ಹೆಣದ ಮುಂದೆ ಆಶುವಾಗಿ ಕಟ್ಟುವ ಎಂಟಕ್ಷರದ ಶೋಕಗೀತ. ೧೯೨೩ರ ಬಳಿಕ ಪೊಂತೊಸ್, ಏಷ್ಯಾಮೈನರ್ ಪ್ರಾಂತಗಳ ನಿರಾಶ್ರಿತರು ತಂದ ಹಾಡು, ವಾದ್ಯ, ನೃತ್ಯಗಳು. ಪಟ್ಟಣಗಳಲ್ಲಿ ‘ರೆಬೇತಿಕೊ’. ಗ್ರೀಕ್ ಅಲ್ಲದೆ ವ್ಲಾಖ್, ಅರ್ವಾನಿತ, ಸ್ಲಾವ್, ತುರ್ಕಿ, ರೋಮಾನಿ ಮಾತುಗಳಲ್ಲಿಯೂ ಹಾಡುಗಳುಂಟು. ಪ್ರಾಚೀನ ಸಂಗೀತದೊಡನೆ ಸಂಬಂಧವನ್ನು ಹತ್ತೊಂಬತ್ತನೆಯ ಶತಮಾನದಿಂದ ವಿದ್ವಾಂಸರು ಚರ್ಚಿಸುತ್ತಿದ್ದಾರೆ. ನೋಡಿ: ಸೈಪ್ರಸ್, ದಕ್ಷಿಣ ಇಟಲಿ, ಏಷ್ಯಾಮೈನರ್, ಆಲ್ಬೇನಿಯ, ಬೈಜಾಂಟೀಯ ಗಾನ.

ಈ ಲೇಖದಲ್ಲಿ ಅಂದವಿಲ್ಲವೆಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳುತ್ತೇನೆ. ಪ್ರಾಚೀನತೆಯ ವಾಕ್ಯವು ಕೊನೆಗೆ ಹೋಗಿ, ಹೆಣದ ಮುಂದೆ ಕುಳಿತ ಹೆಂಗಸೂ ಕ್ಲಾರಿಯೊನೆಟ್ಟಿನ ರೋಮಾ ವಾದಕನೂ ಮುಂದೆ ಬಂದದ್ದರಿಂದ ಗ್ರೀಸಿನ ಗೌರವಕ್ಕೆ ಕುಂದೆಂದು ಯಾರಾದರೂ ಹೇಳಿದರೆ ಒಪ್ಪಲಾರೆ. ಸಂಪ್ರದಾಯವೆಂದರೆ ಒಪ್ಪಿಸಿಕೊಟ್ಟದ್ದು, ಒಪ್ಪಿಸಿಕೊಟ್ಟವರನ್ನು ಹೆಸರಿಸದೆ ಅದನ್ನು ಪಡೆದೆವೆಂದು ಹೇಳುವುದು ನ್ಯಾಯವಲ್ಲ. ನಮ್ಮ ಹಾಡುಗಳ ಸಂಗ್ರಹಗಳಲ್ಲಿಯೂ ‘ಜನಪದ’ವೆಂಬ ದೊಡ್ಡ ಹೆಸರಿನ ಕೆಳಗೆ ಹಾಡಿದ ಹೆಣ್ಣುಮಗಳ ಹೆಸರು ಎಷ್ಟು ಕಡೆ ಅಳಿಸಿಹೋಗಿದೆ ಎಂಬುದನ್ನು ಉಪಾಧ್ಯಾಯರು ತಮ್ಮ ತಮ್ಮ ಪುಸ್ತಕಗಳನ್ನು ತೆರೆದು ಒಮ್ಮೆ ನೋಡಬೇಕೆಂದು ಬೇಡುತ್ತೇನೆ.